ಧಾರೆಗೆ ಎಂಥ ಕ್ಯಾಮೆರಾ?

ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆ ಕಡೆಯ ಮದುವೆ ಸಾಮಾನ್ಯವಾಗಿ ಹಿಂದಿನ ಸಂಜೆಯ ಆರತಕ್ಷತೆಗೆ ಶುರುವಾದರೆ ಮರುದಿನ ಹೆಣ್ಣೊಪ್ಪಿಸುವವರೆಗೂ ನಡೆಯುತ್ತದೆ. ವೇದಿಕೆಯ ಬಣ್ಣದ ದೀಪ, ಚಪ್ಪರದ ನೆರಳು, ಹೊರಗಿನ ಬಿರುಬಿಸಿಲು, ಎಲ್ಲವನ್ನೂ ಒಂದೇ ಕ್ಯಾಮೆರಾ ತಾಳಿಕೊಳ್ಳಬೇಕು. ಡಬ್ಬದ ಮೇಲಿನ ‘4ಕೆ’ ನೋಡಿ ಮರುಳಾಗುವವರೇ ಹೆಚ್ಚು. ಮಂದ ಬೆಳಕು, ನಿಲ್ಲದ ರೆಕಾರ್ಡಿಂಗ್, ಧ್ವನಿ ಈ ಮೂರನ್ನು ಮೊದಲು ನೋಡಬೇಕು.

ಟೇಪಿನಿಂದ ಕಾರ್ಡಿಗೆ

ವಿಎಚ್‌ಎಸ್ ಕ್ಯಾಸೆಟ್ಟಿನ ಹೆಗಲ ಕ್ಯಾಮೆರಾ ಹೋಗಿ ಮಿನಿ ಡಿವಿ ಬಂತು. ಅದರ ಚಿತ್ರ 720×576 ಚುಕ್ಕೆಗಳದು. ಫುಲ್ ಎಚ್‌ಡಿ ಎಂದರೆ 1920×1080, ಸರಿಯಾಗಿ ಐದು ಪಟ್ಟು. ಸೋನಿ ಮತ್ತು ಪ್ಯಾನಸೋನಿಕ್ 2006ರಲ್ಲಿ ತಂದ ಎವಿಸಿಎಚ್‌ಡಿ ಮಾದರಿ ಎಚ್‌ಡಿಯನ್ನು ಟೇಪಿನಿಂದ ಬಿಡಿಸಿ ಕಾರ್ಡಿಗೆ ಇಳಿಸಿತು. 2008ರ ಕ್ಯಾನನ್ 5ಡಿ ಮಾರ್ಕ್ 2 ಫೋಟೊ ಕ್ಯಾಮೆರಾದಲ್ಲೇ ಫುಲ್ ಎಚ್‌ಡಿ ವಿಡಿಯೋ ಕೊಟ್ಟಿತು. ಮದುವೆ ವಿಡಿಯೋಗೆ ಸಿನಿಮಾದ ಕಳೆ ಬಂದದ್ದು ಇಂಥ ಕ್ಯಾಮೆರಾಗಳಿಂದಲೇ.

ಬೆಳಕು

ಸೆನ್ಸರ್ ದೊಡ್ಡದಾದಷ್ಟೂ ಮಬ್ಬಿನಲ್ಲಿ ಚಿತ್ರ ಕಾಳುಕಾಳಾಗುವುದು ಕಡಿಮೆ. ಹೆಗಲ ಮೇಲೆ ಹೊರುವ ಸೋನಿ ಎಂಸಿ2500ರ ಸೆನ್ಸರ್ ಕಾಲು ಇಂಚಿನ ವರ್ಗದ್ದು, ಎನ್‌ಎಕ್ಸ್100ರದ್ದು ಒಂದು ಇಂಚಿನ ವರ್ಗದ್ದು. ಫುಲ್‌ಫ್ರೇಮ್ ಮಿರರ್‌ಲೆಸ್ ಕ್ಯಾಮೆರಾದ್ದು 36×24 ಮಿ.ಮೀ. ಆದರೆ ದೊಡ್ಡ ಸೆನ್ಸರಿಗೆ ಅಗಲ ಬಾಯಿಯ ಲೆನ್ಸ್ ಹಾಕಿ ಪೂರ್ತಿ ತೆರೆದರೆ ಫೋಕಸ್‌ನ ಆಳ ತೀರಾ ಕಡಿಮೆಯಾಗುತ್ತದೆ: ವರನ ಮುಖ ನಿಚ್ಚಳವಾಗಿದ್ದು ಕೈಯಲ್ಲಿನ ತಾಳಿ ಮಸುಕಾದೀತು. ಆರತಕ್ಷತೆಯಲ್ಲಿ ಚೆಂದ ಕಾಣುವ ಈ ಮಸುಕು ಧಾರೆಯಲ್ಲಿ ದೋಷ.

ನಮ್ಮ ಕರೆಂಟು 50 ಹರ್ಟ್ಜ್‌ನದು. ಸೆಕೆಂಡಿಗೆ 25 ಇಲ್ಲವೇ 50 ಫ್ರೇಮ್, ಶಟರ್ 1/50 ಇಟ್ಟರೆ ಛತ್ರದ ಟ್ಯೂಬ್‌ಲೈಟಿನ ಮಿಣುಕು ಕಾಡದು. ವೇದಿಕೆಯ ಎಲ್‌ಇಡಿ ಪರದೆಗೆ ಇಷ್ಟೇ ಸಾಲದಿರಬಹುದು. ಶಟರನ್ನು ಸ್ವಲ್ಪಸ್ವಲ್ಪವೇ ಬದಲಿಸುವ ಸೌಲಭ್ಯವಿದ್ದರೆ ಪಟ್ಟೆ ತಪ್ಪಿಸಬಹುದು.

ಮಾಂಗಲ್ಯದ ಹೊತ್ತಿಗೆ ನಿಲ್ಲಬಾರದು

ಹಲವು ಫೋಟೊ ಕ್ಯಾಮೆರಾಗಳು 29 ನಿಮಿಷ 59 ಸೆಕೆಂಡಿಗೆ ರೆಕಾರ್ಡಿಂಗ್ ನಿಲ್ಲಿಸುತ್ತಿದ್ದವು. ಮೂವತ್ತು ನಿಮಿಷ ದಾಟಿದರೆ ಯುರೋಪಿನ ಸುಂಕದ ನಿಯಮದಲ್ಲಿ ಅದು ವಿಡಿಯೋ ಕ್ಯಾಮೆರಾ ಎನಿಸಿ ಹೆಚ್ಚು ತೆರಿಗೆ ಬೀಳುತ್ತಿತ್ತು! ಸೆಕೆಂಡ್‌ಹ್ಯಾಂಡ್ ಕೊಳ್ಳುವವರು ಇದನ್ನು ಕೇಳಿಯೇ ಕೊಳ್ಳಬೇಕು. ಬೇಸಿಗೆಯ ಚಪ್ಪರದಲ್ಲಿ 4ಕೆ ತೆಗೆಯುವಾಗ ಬಿಸಿಯಾಗಿ ಆಫ್ ಆಗುವ ಕಾಟ ಬೇರೆ.

28 ಮೆಗಾಬಿಟ್ ವೇಗದ ಫುಲ್ ಎಚ್‌ಡಿ ಗಂಟೆಗೆ ಸುಮಾರು 12.6 ಜಿಬಿ ನುಂಗಿದರೆ, 100 ಮೆಗಾಬಿಟ್‌ನ 4ಕೆ 45 ಜಿಬಿ ನುಂಗುತ್ತದೆ. ಎರಡು ಕಾರ್ಡಿಗೂ ಒಟ್ಟಿಗೇ ಬರೆಯುವ ಕ್ಯಾಮೆರಾಕ್ಕೆ ಹೆಚ್ಚು ಹಣ ಕೊಟ್ಟರೂ ನಷ್ಟವಿಲ್ಲ. ಧಾರೆಯನ್ನು ಮತ್ತೊಮ್ಮೆ ಎರೆಸಲಾಗುತ್ತದೆಯೇ?

ವಾಲಗ ಮತ್ತು ಮೈಕು

ಗಟ್ಟಿಮೇಳ ಶುರುವಾದೊಡನೆ ಆಟೊ ಧ್ವನಿ ಮಟ್ಟ ತಾನಾಗಿ ಕುಸಿಯುತ್ತದೆ; ಪುರೋಹಿತರ ಮಂತ್ರ ಮುಳುಗಿಹೋಗುತ್ತದೆ. ಎನ್‌ಎಕ್ಸ್100ರಂತೆ ಎರಡು ಎಕ್ಸ್‌ಎಲ್‌ಆರ್ ಮೈಕ್ ಕಿಂಡಿ ಇದ್ದರೆ ಒಂದಕ್ಕೆ ಮಂಟಪದ ಮೈಕು, ಇನ್ನೊಂದಕ್ಕೆ ವಾಲಗ ಕೊಟ್ಟು ಮಟ್ಟವನ್ನು ಕೈಯಲ್ಲೇ ಹಿಡಿಯಬಹುದು.

ಡ್ರೋನ್

ಕಬಿನಿ ಹಿನ್ನೀರಿನ ದೃಶ್ಯ ಬೇಕೆಂದು ಹಠ ಹಿಡಿಯುವ ಜೋಡಿಗಳಿಗೆ ಮೊದಲೇ ಹೇಳಿಬಿಡಿ: ನಾಗರಹೊಳೆ, ಬಂಡೀಪುರ ಅರಣ್ಯದಲ್ಲಿ ಅನುಮತಿಯಿಲ್ಲದೆ ಡ್ರೋನ್ ಹಾರಿಸುವಂತಿಲ್ಲ.

ಕೊಳ್ಳುವಾಗ

ಒಬ್ಬರೇ ದುಡಿಯುವವರಿಗೆ ಒಂದಿಂಚು ಸೆನ್ಸರಿನ, ಜೂಮ್ ಇರುವ ವಿಡಿಯೋ ಕ್ಯಾಮೆರಾ ಈಗಲೂ ಸಾಕು. ಇಬ್ಬರಿದ್ದರೆ ಅದನ್ನು ಟ್ರೈಪಾಡಿನ ಮೇಲೆ ಧಾರೆಗೆ ನಿಲ್ಲಿಸಿ, ಮಿರರ್‌ಲೆಸ್ ಹಿಡಿದವರನ್ನು ನೆಂಟರ ನಡುವೆ ಬಿಡಬಹುದು. ಕೊಳ್ಳುವ ಮೊದಲು ಒಂದು ಆರತಕ್ಷತೆಗೆ ಅದೇ ಮಾದರಿಯನ್ನು ಬಾಡಿಗೆಗೆ ತಂದು, ದೊಡ್ಡ ಟಿವಿಯಲ್ಲಿ ಹಾಕಿ ಕಪ್ಪು ಕೋಟಿನ ಮಡಿಕೆಗಳನ್ನೂ ರೇಷ್ಮೆ ಸೀರೆಯ ಜರಿಯನ್ನೂ ನೋಡಿ. ಬುಕಿಂಗ್ ಇಲ್ಲದ ಆಷಾಢದಲ್ಲಿ ಕೊಂಡರೆ ಮೆನುವೆಲ್ಲ ಕೈಗೆ ಹತ್ತಲು ಒಂದು ತಿಂಗಳು ಸಿಗುತ್ತದೆ.