ಗ್ಲೂಕೋಮೀಟರ್ ಮನೆಗೆ ಬಂದ ದಾರಿ

ಗ್ಲೂಕೋಮೀಟರ್ ಬರುವ ಮೊದಲು ಸಕ್ಕರೆ ಕಾಯಿಲೆಯವರು ಮನೆಯಲ್ಲಿ ಮಾಡಿಕೊಳ್ಳಬಹುದಾಗಿದ್ದದ್ದು ಮೂತ್ರ ಪರೀಕ್ಷೆಯೊಂದೇ. ಅಮೆರಿಕದ ಸ್ಟ್ಯಾನ್ಲಿ ಬೆನೆಡಿಕ್ಟ್ 1908ರ ಸುಮಾರಿಗೆ ರೂಪಿಸಿದ ನೀಲಿ ದ್ರಾವಣಕ್ಕೆ ಕೆಲವು ಹನಿ ಮೂತ್ರ ಹಾಕಿ ಕಾಯಿಸಿದರೆ, ಸಕ್ಕರೆ ಹೆಚ್ಚಿದಂತೆಲ್ಲ ಬಣ್ಣ ಹಸಿರು, ಹಳದಿ, ಕೊನೆಗೆ ಇಟ್ಟಿಗೆ ಕೆಂಪಿಗೆ ತಿರುಗುತ್ತಿತ್ತು. ಇದರ ಮಿತಿ ದೊಡ್ಡದು. ರಕ್ತದ ಸಕ್ಕರೆ ಡೆಸಿಲೀಟರಿಗೆ ಸುಮಾರು 180 ಮಿಲಿಗ್ರಾಂ ದಾಟಿದ ಮೇಲಷ್ಟೇ ಮೂತ್ರದಲ್ಲಿ ಕಾಣಿಸಿಕೊಳ್ಳುತ್ತದೆ. ಇನ್ಸುಲಿನ್ ಚುಚ್ಚಿಕೊಳ್ಳುವವರು ಹೆಚ್ಚು ಹೆದರಬೇಕಾದ್ದು ಸಕ್ಕರೆ ಕುಸಿಯುವುದಕ್ಕೆ. ಅದರ ಸುಳಿವನ್ನು ಮೂತ್ರ ಕೊಡುತ್ತಲೇ ಇರಲಿಲ್ಲ.

1960ರ ದಶಕದ ನಡುವೆ ಅಮೆರಿಕದ ಏಮ್ಸ್ ಕಂಪನಿ ಡೆಕ್ಸ್‌ಟ್ರೋಸ್ಟಿಕ್ಸ್ ಎಂಬ ಪಟ್ಟಿಯನ್ನು ತಂದಿತು. ಅದರಲ್ಲಿದ್ದ ಗ್ಲೂಕೋಸ್ ಆಕ್ಸಿಡೇಸ್ ಎಂಬ ಕಿಣ್ವ ರಕ್ತದ ಸಕ್ಕರೆಯೊಡನೆ ವರ್ತಿಸಿ ಬಣ್ಣ ತರುತ್ತಿತ್ತು. ದೊಡ್ಡ ಹನಿ ರಕ್ತ ಹಾಕಿ, ಒಂದು ನಿಮಿಷ ಕಾದು, ನೀರಿನಲ್ಲಿ ತೊಳೆದು, ಬಣ್ಣದ ಚಾರ್ಟಿಗೆ ಹೋಲಿಸಬೇಕು. ಕಣ್ಣಂದಾಜು ಒಬ್ಬರಿಂದೊಬ್ಬರಿಗೆ ಬದಲಾಗುತ್ತಿತ್ತು. ಈ ಕೊರತೆ ನೀಗಲು ಅದೇ ಕಂಪನಿಯ ಆಂಟನ್ ಕ್ಲೆಮೆನ್ಸ್, ಪಟ್ಟಿಯಿಂದ ಮರಳುವ ಬೆಳಕನ್ನು ಅಳೆಯುವ ಯಂತ್ರ ಕಟ್ಟಿದರು. 1970ರ ಸುಮಾರಿಗೆ ಮಾರುಕಟ್ಟೆಗೆ ಬಂದ ಅದರ ತೂಕ ಒಂದು ಕಿಲೋಗೂ ಹೆಚ್ಚು, ಬೆಲೆಯೂ ದುಬಾರಿ. ಅದನ್ನು ಮಾರುತ್ತಿದ್ದದ್ದು ವೈದ್ಯರಿಗೆ ಮತ್ತು ಆಸ್ಪತ್ರೆಗಳಿಗೆ, ರೋಗಿಗಳಿಗಲ್ಲ.

ಈ ತಡೆ ದಾಟಿದವರು ರಿಚರ್ಡ್ ಬರ್ನ್‌ಸ್ಟೀನ್. ಹನ್ನೆರಡನೆಯ ವಯಸ್ಸಿನಿಂದ ಮಧುಮೇಹವಿದ್ದ ಈ ಇಂಜಿನಿಯರ್, ವೈದ್ಯೆಯಾಗಿದ್ದ ಹೆಂಡತಿಯ ಹೆಸರಿನಲ್ಲಿ ಯಂತ್ರ ತರಿಸಿಕೊಂಡು ದಿನಕ್ಕೆ ಹಲವು ಸಲ ರಕ್ತ ಪರೀಕ್ಷಿಸಿಕೊಂಡರು. ಊಟವನ್ನೂ ಇನ್ಸುಲಿನ್ನನ್ನೂ ಅಂಕಿಗೆ ತಕ್ಕಂತೆ ಹೊಂದಿಸಿಕೊಂಡರು. ತಮ್ಮ ಅನುಭವ ಬರೆದು ಕಳಿಸಿದಾಗ ವೈದ್ಯಕೀಯ ಪತ್ರಿಕೆಗಳು ಪ್ರಕಟಿಸಲಿಲ್ಲ. ನಲವತ್ತು ದಾಟಿದ ಮೇಲೆ ಅವರು ಮೆಡಿಕಲ್ ಕಾಲೇಜು ಸೇರಿ ತಾವೇ ವೈದ್ಯರಾದರು. ಮನೆಯ ಪರೀಕ್ಷೆಯ ಚರಿತ್ರೆಯಲ್ಲಿ ಯಂತ್ರ ಕಟ್ಟಿದವರಷ್ಟೇ ಗೌರವ ಈ ರೋಗಿಗೂ ಸಲ್ಲಬೇಕು.

1978ರಲ್ಲಿ ಬ್ರಿಟನ್ನಿನ ವೈದ್ಯರು, ರೋಗಿಗಳು ಮನೆಯಲ್ಲೇ ನಂಬಬಹುದಾದ ಅಳತೆ ತೆಗೆಯಬಲ್ಲರೆಂದು ವರದಿ ಮಾಡಿದರು. ಬಣ್ಣದ ಬದಲು ವಿದ್ಯುತ್ ಪ್ರವಾಹ ಅಳೆಯುವ, ಪೆನ್ನಿನ ಗಾತ್ರದ ಎಕ್ಸಾಕ್‌ಟೆಕ್ 1987ರಲ್ಲಿ ಬಂತು. ಆಕ್ಸ್‌ಫರ್ಡ್ ಮತ್ತು ಕ್ರ್ಯಾನ್‌ಫೀಲ್ಡ್ ಸಂಶೋಧಕರ ಕೆಲಸ ಅದರ ಹಿಂದಿತ್ತು. 1993ರಲ್ಲಿ, 1,441 ಮಂದಿಯ ಮೇಲೆ ಉತ್ತರ ಅಮೆರಿಕದಲ್ಲಿ ನಡೆದ ಅಧ್ಯಯನವೊಂದು ಸಕ್ಕರೆಯನ್ನು ಬಿಗಿಯಾಗಿ ಹತೋಟಿಯಲ್ಲಿಟ್ಟರೆ ಕಣ್ಣು, ಮೂತ್ರಪಿಂಡ, ನರಗಳ ಹಾನಿ ತಗ್ಗುವುದೆಂದು ತೋರಿಸಿತು. ಮನೆಯ ಪರೀಕ್ಷೆಗೆ ಅದರಿಂದ ಗಟ್ಟಿ ಆಧಾರ ಸಿಕ್ಕಿತು.

ಯಂತ್ರ ಎಷ್ಟೇ ಬದಲಾದರೂ ಸ್ಟ್ರಿಪ್ಪಿನೊಳಗೆ ಇಂದಿಗೂ ಕೆಲಸ ಮಾಡುವುದು ಕಿಣ್ವವೇ. ತೇವ, ಬಿಸಿಲು ಅದನ್ನು ಕೆಡಿಸುತ್ತವೆ. ಹಾಗಾಗಿ ಸ್ಟ್ರಿಪ್ಪುಗಳನ್ನು ಅವುಗಳ ಡಬ್ಬಿಯಲ್ಲೇ ಇಟ್ಟು ತೆಗೆದ ಕೂಡಲೇ ಮುಚ್ಚಳ ಹಾಕಬೇಕು. ಮಳೆಗಾಲದ ಕರಾವಳಿ, ಮಲೆನಾಡಿನಲ್ಲಿ ಇನ್ನಷ್ಟು ಜಾಗ್ರತೆ ಬೇಕು. ಅವಧಿ ಮೀರಿದವನ್ನು ಬಳಸಬಾರದು. ಹಣ್ಣು ಮುಟ್ಟಿದ ಬೆರಳಿನಲ್ಲಿ ಅಂಟಿದ ಸಕ್ಕರೆಯೂ ಅಳತೆಗೆ ಸೇರಿಬಿಡುವುದರಿಂದ ಕೈ ತೊಳೆದು, ಒರೆಸಿ, ಬೆರಳಿನ ಬದಿಗೆ ಚುಚ್ಚುವುದು ಕ್ರಮ. ಅಂಕಿಯ ಮೇಲೆ ಅನುಮಾನ ಬಂದಾಗ, ಆಯಾ ಮೀಟರಿಗೆಂದೇ ತಯಾರಾದ ಕಂಟ್ರೋಲ್ ದ್ರಾವಣದ ಒಂದು ಹನಿ ಹಾಕಿ, ಬಂದ ಅಂಕಿ ಡಬ್ಬಿಯ ಮೇಲೆ ಅಚ್ಚಾದ ಮಿತಿಯೊಳಗಿದೆಯೇ ಎಂದು ನೋಡಬಹುದು.