ಗ್ರಂಥಪ್ರಮಾಣವೂ ಗುರುಪ್ರಮಾಣವೂ: ಹದಿನಾರನೆಯ ಶತಮಾನದ ಯೂರೋಪಿನ ಧರ್ಮಸುಧಾರಣೆ

ಕ್ರಿ. ಶ. 1517ರ ಅಕ್ಟೋಬರ್ 31ರಂದು ಜರ್ಮನಿಯ ವಿಟೆನ್‌ಬರ್ಗಿನಲ್ಲಿ ಅಧ್ಯಾಪಕನಾಗಿದ್ದ ಮಾರ್ಟಿನ್ ಲೂಥರನೆಂಬ ಸಂನ್ಯಾಸಿಯು 95 ವಾದಸೂತ್ರಗಳನ್ನು ಬರೆದು ತನ್ನ ಮಹಾಧ್ಯಕ್ಷನಿಗೆ ಕಳುಹಿಸಿದನು. ಪಾಪದಂಡನೆಯ ವಿಮೋಚನಪತ್ರಗಳನ್ನು ಹಣಕ್ಕೆ ಕೊಡುತ್ತಿದ್ದುದೇ ಅವನ ಆಕ್ಷೇಪಣೆಗೆ ವಿಷಯವಾಗಿದ್ದಿತು. ಇದರಿಂದ ಹುಟ್ಟಿದ ವಿವಾದವನ್ನು ಪೋಪರ ಅಧಿಕಾರವನ್ನು ಕುರಿತ ಕಲಹವೆಂದು ಮಾತ್ರ ಗಣಿಸುವುದುಂಟು. ಆದರೆ ಅದರ ಒಳಗಿದ್ದ ಪ್ರಶ್ನೆಯು ಬೇರೆ: ಧರ್ಮವಿಷಯದಲ್ಲಿ ಕಟ್ಟಕಡೆಯ ಪ್ರಮಾಣವು ಯಾವುದು? ಅದಕ್ಕೆ ಅರ್ಥವನ್ನು ಹೇಳುವ ಅಧಿಕಾರವು ಯಾರಿಗುಂಟು?

ಲೂಥರನ ಸಿದ್ಧಾಂತದಲ್ಲಿ ಬೈಬಲೊಂದೇ ಪರಮಪ್ರಮಾಣ. ಜರ್ಮನ್ ಭಾಷೆಯಲ್ಲಿ ಬೈಬಲು 1466ರಲ್ಲಿಯೇ ಅಚ್ಚಾಗಿದ್ದಿತು. ಆದರೆ ಅದು ಲ್ಯಾಟಿನ್ ಪಾಠವನ್ನು ಅನುಸರಿಸಿದ್ದಿತು. ಲೂಥರನಾದರೋ ಗ್ರೀಕ್ ಮೂಲವನ್ನು ನೋಡಿ, ಬೀದಿಯ ಜನರೂ ಮನೆಯ ತಾಯಂದಿರೂ ಆಡುವ ಮಾತನ್ನು ಕಿವಿಗೊಟ್ಟು ಕೇಳಿ, 1522ರಲ್ಲಿ ಹೊಸ ಒಡಂಬಡಿಕೆಯನ್ನೂ 1534ರಲ್ಲಿ ಸಮಗ್ರ ಗ್ರಂಥವನ್ನೂ ಪ್ರಕಟಿಸಿದನು.

ಗ್ರಂಥವು ಜನರ ಕೈಗೆ ಬಂದೊಡನೆ ಜನರು ಅದರಲ್ಲಿ ತಮ್ಮ ಅರ್ಥವನ್ನು ಕಂಡರು. 1525ರಲ್ಲಿ ಮೆಮ್ಮಿಂಗೆನ್ ಪಟ್ಟಣದಲ್ಲಿ ಒಕ್ಕಲು ಮಕ್ಕಳು ಹನ್ನೆರಡು ಬೇಡಿಕೆಗಳನ್ನು ಮುಂದಿಟ್ಟರು. ತಮ್ಮ ಪಾದ್ರಿಯನ್ನು ತಾವೇ ಆರಿಸಬೇಕು. ಕ್ರಿಸ್ತನು ಎಲ್ಲರನ್ನೂ ಬಿಡಿಸಿರುವುದರಿಂದ ಜೀತವು ತೊಲಗಬೇಕು. ಇವುಗಳಲ್ಲಿ ಯಾವುದಾದರೂ ಗ್ರಂಥವಿರುದ್ಧವೆಂದು ತೋರಿಸಿದರೆ ಅದನ್ನು ಕೈಬಿಡುವೆವು ಎಂಬುದು ಅವರ ನುಡಿ. ಗ್ರಂಥಪ್ರಮಾಣವನ್ನು ಇದಕ್ಕಿಂತ ನಿಷ್ಠೆಯಿಂದ ಅಂಗೀಕರಿಸುವುದು ಸಾಧ್ಯವಿಲ್ಲ. ಆದರೂ ದಂಗೆಯು ಹಬ್ಬಿದಾಗ ಲೂಥರನು ಅದನ್ನು ನಿಷ್ಕರುಣೆಯಿಂದ ಅಡಗಿಸಬೇಕೆಂದು ಪ್ರಭುಗಳಿಗೆ ಬರೆದನು. ಸಾವಿರಾರು ಮಂದಿ ಹತರಾದರು. ತರುವಾಯ ಸ್ಯಾಕ್ಸನಿಯ ಗ್ರಾಮಗಳನ್ನು ಪರಿಶೀಲಿಸಿದಾಗ ಜನರಲ್ಲಿಯೂ ಪಾದ್ರಿಗಳಲ್ಲಿಯೂ ಇದ್ದ ಅಜ್ಞಾನವು ಬಯಲಾಯಿತು. ಇದಕ್ಕೆ ಪರಿಹಾರವಾಗಿ ಲೂಥರನು 1529ರಲ್ಲಿ ಪ್ರಶ್ನೋತ್ತರ ರೂಪದ ಧರ್ಮಬೋಧಿನಿಯನ್ನು ರಚಿಸಿದನು. ಗ್ರಂಥವೊಂದೇ ಸಾಕೆಂದ ಪಕ್ಷಕ್ಕೂ ಹೀಗೆ ಗುರುವು ಬೇಕಾದನು.

ರೋಮಿನ ಪಕ್ಷವು ಇದಕ್ಕೆ ಎದುರು ದಿಕ್ಕಿನಿಂದ ಹೊರಟಿತು. 1545ರಿಂದ 1563ರವರೆಗೆ ನಡುನಡುವೆ ನಿಂತು ನಡೆದ ಟ್ರೆಂಟಿನ ಮಹಾಸಭೆಯು, ಬೈಬಲಿನಂತೆ ಅಪೊಸ್ತಲರಿಂದ ಬಂದ ಸಂಪ್ರದಾಯವೂ ಮಾನ್ಯವೆಂದೂ, ಅರ್ಥನಿರ್ಣಯವು ಧರ್ಮಸಭೆಗೆ ಸೇರಿದುದೆಂದೂ 1546ರಲ್ಲಿ ವಿಧಿಸಿತು. ಆದರೆ ವಿದ್ಯೆಯಿಲ್ಲದ ಗುರುವಿನಿಂದ ಸಂಪ್ರದಾಯವು ಉಳಿಯದೆಂಬುದನ್ನು ಆ ಸಭೆಯು ಅರಿತಿದ್ದಿತು. ಆದುದರಿಂದ ಪ್ರತಿಯೊಂದು ಧರ್ಮಪ್ರಾಂತದಲ್ಲಿಯೂ ಪಾದ್ರಿಗಳ ಶಿಕ್ಷಣಕ್ಕೆ ವಿದ್ಯಾಲಯವಿರಬೇಕೆಂದು 1563ರಲ್ಲಿ ಆಜ್ಞಾಪಿಸಿತು. 1566ರಲ್ಲಿ ರೋಮಿನ ಧರ್ಮಬೋಧಿನಿಯು ಹೊರಬಂದಿತು. 1540ರಲ್ಲಿ ಅಂಗೀಕೃತವಾದ ಜೆಸುಯಿಟ್ ಸಂಘವು 1548ರಲ್ಲಿ ಮೆಸ್ಸಿನಾದಲ್ಲಿ ಪಾಠಶಾಲೆಯನ್ನು ತೆರೆಯಿತು. ಬ್ರೆಷ್ಯಾದಲ್ಲಿ ಆಂಜೆಲಾ ಮೆರಿಚಿಯು 1535ರಲ್ಲಿ ಸ್ಥಾಪಿಸಿದ ಸ್ತ್ರೀಸಂಘವು ಮುಂದೆ ಬಾಲಿಕೆಯರ ವಿದ್ಯಾಭ್ಯಾಸಕ್ಕೆ ಹೆಸರಾಯಿತು. ಗುರುವನ್ನು ನೆಚ್ಚಿದ ಪಕ್ಷಕ್ಕೂ ಪುಸ್ತಕವೂ ಪಾಠಶಾಲೆಯೂ ಬೇಕಾದುವು.

ಈ ಲಾಭಕ್ಕೆ ತೆತ್ತ ಬೆಲೆಯು ಅಲ್ಪವಲ್ಲ. 1555ರ ಔಗ್ಸ್‌ಬರ್ಗಿನ ಒಪ್ಪಂದದಂತೆ ಪ್ರಜೆಗಳು ಪ್ರಭುವಿನ ಮತವನ್ನು ಅನುಸರಿಸಬೇಕು, ಇಲ್ಲವೆ ನಾಡನ್ನು ಬಿಡಬೇಕು. ರೋಮು 1559ರಲ್ಲಿ ನಿಷಿದ್ಧಗ್ರಂಥಗಳ ಪಟ್ಟಿಯನ್ನು ಹೊರಡಿಸಿತು. ಪ್ರಾಟೆಸ್ಟಂಟರ ಜಿನೀವಾ ನಗರವು 1553ರಲ್ಲಿ ಸರ್ವೆಟಸನೆಂಬ ವಿದ್ವಾಂಸನನ್ನು ಪಾಷಂಡನೆಂದು ಸುಟ್ಟಿತು. ಓದಲು ಕಲಿಸಿದವರೇ ಓದುಗನ ಬುದ್ಧಿಗೆ ಅಂಜಿದರು.

ಈ ಎರಡು ಧಾರೆಗಳೂ ಕನ್ನಡನಾಡಿನ ಕರಾವಳಿಯನ್ನು ಮುಟ್ಟಿರುವುವು. 1529ರಲ್ಲಿ ಸುಧಾರಿತ ಮತವನ್ನು ಸ್ವೀಕರಿಸಿದ ಬಾಸೆಲ್ ನಗರದಿಂದ 1834ರಲ್ಲಿ ಮಂಗಳೂರಿಗೆ ಮಿಷನರಿಗಳು ಬಂದರು. ಅಲ್ಲಿಯೇ 1843ರಲ್ಲಿ ‘ಮಂಗಳೂರ ಸಮಾಚಾರ’ವು ಹುಟ್ಟಿತು, 1894ರಲ್ಲಿ ಕಿಟ್ಟೆಲರ ಕನ್ನಡ ನಿಘಂಟು ಪ್ರಕಟವಾಯಿತು. ಅದೇ ನಗರದಲ್ಲಿ ಜೆಸುಯಿಟರು 1880ರಲ್ಲಿ ಸಂತ ಅಲೋಷಿಯಸ್ ಕಾಲೇಜನ್ನು ತೆರೆದರು. ಪ್ರಮಾಣದ ವಿಷಯದಲ್ಲಿ ಎಂದೂ ಒಂದಾಗದ ಇಬ್ಬರು ವಾದಿಗಳು ಪಾಠಶಾಲೆಯ ಬಾಗಿಲಲ್ಲಿ ಒಂದೇ ಕಾರ್ಯಕ್ಕೆ ನಿಂತರು. ಆ ಮಹಾವಿವಾದದಲ್ಲಿ ಗೆದ್ದವರು ಯಾರೆಂದು ವಿಚಾರಿಸುವವರು ಅದರ ಫಲವನ್ನು ಅಕ್ಷರ ಕಲಿತ ಸಾಮಾನ್ಯ ಜನರಲ್ಲಿಯೇ ಅರಸುವುದು ಯುಕ್ತವಾಗಿದೆ.