ಮ್ಯಾಟ್ಲ್ಯಾಬಿಗೆ ಖಾನೆಗಳು ಬಂದ ಕಥೆ

ನಾನು ದೂರದರ್ಶನದ ಕೆಲಸಕ್ಕೆ ಸೇರಿದ ಹೊಸತರಲ್ಲಿ ನಮ್ಮಲ್ಲಿ ಎರಡು ಉಗ್ರಾಣಗಳಿದ್ದವು. ಒಂದರಲ್ಲಿ ವಿಡಿಯೋ ಕ್ಯಾಸೆಟ್ಟುಗಳು. ಎಲ್ಲವೂ ಒಂದೇ ಅಳತೆ. ಇಪ್ಪತ್ತೈದನೆಯದು ಬೇಕೆಂದರೆ ಕೈ ನೇರವಾಗಿ ಅಲ್ಲಿಗೇ ಹೋಗುತ್ತಿತ್ತು. ಇನ್ನೊಂದು ನಾಟಕದ ಸಾಮಾನಿನ ಕೋಣೆ. ಕಿರೀಟ, ಗದೆ, ಲಾಂದ್ರ, ಸೀರೆ ಎಲ್ಲ ಬೇರೆ ಬೇರೆ ಪೆಟ್ಟಿಗೆಗಳಲ್ಲಿ, ಪ್ರತಿ ಪೆಟ್ಟಿಗೆಗೂ ಒಂದು ಚೀಟಿ. ಗಣಕಯಂತ್ರದ ಸ್ಮೃತಿಯಲ್ಲೂ ಇಂಥ ಎರಡು ಏರ್ಪಾಡುಗಳುಂಟು. ಆದರೆ ಮ್ಯಾಟ್ಲ್ಯಾಬ್ ಎಂಬ ಪ್ರಸಿದ್ಧ ಗಣಕಭಾಷೆಯಲ್ಲಿ ಬಹುಕಾಲ ಮೊದಲನೆಯದು ಮಾತ್ರ ಇತ್ತು.

ಅಮೆರಿಕದ ನ್ಯೂ ಮೆಕ್ಸಿಕೋ ವಿಶ್ವವಿದ್ಯಾಲಯದಲ್ಲಿ ಕ್ಲೀವ್ ಮೋಲರ್ ಎಂಬ ಪ್ರಾಧ್ಯಾಪಕರಿದ್ದರು. ಮ್ಯಾಟ್ರಿಕ್ಸ್, ಅಂದರೆ ನಿಮ್ಮ ಪಠ್ಯಪುಸ್ತಕದ ಮಾತೃಕೆಗಳ ಲೆಕ್ಕಕ್ಕೆ ಫೋರ್ಟ್ರಾನ್ ಭಾಷೆಯಲ್ಲಿ ಒಳ್ಳೆಯ ಸಂಗ್ರಹಗಳು ಆಗಲೇ ಇದ್ದವು. ಆದರೆ ಸಣ್ಣದೊಂದು ಸಮೀಕರಣ ಬಿಡಿಸಲೂ ವಿದ್ಯಾರ್ಥಿಗಳು ಫೋರ್ಟ್ರಾನ್ ಪ್ರೋಗ್ರಾಂ ಬರೆಯಬೇಕಿತ್ತು. ಆ ಕಷ್ಟ ತಪ್ಪಿಸಲೆಂದು 1970ರ ದಶಕದ ಕೊನೆಯಲ್ಲಿ ಮೋಲರ್ ಮ್ಯಾಟ್ಲ್ಯಾಬನ್ನು ರಚಿಸಿದರು. ಹೆಸರಿನ ಅರ್ಥವೇ ಮಾತೃಕೆಗಳ ಪ್ರಯೋಗಶಾಲೆ. ಅದರಲ್ಲಿದ್ದ ದತ್ತದ ಬಗೆ ಒಂದೇ: ಮಾತೃಕೆ. ಬಿಡಿ ಸಂಖ್ಯೆಯೂ ಒಂದು ಅಡ್ಡಸಾಲು, ಒಂದು ಕಂಬಸಾಲಿನ ಮಾತೃಕೆಯೇ!

ಇದು ಬಡತನವೆಂದು ನಿಮಗೆ ತೋರಬಹುದು. ನನಗೆ ಹಾಗನ್ನಿಸುವುದಿಲ್ಲ. ಸಂಖ್ಯೆಗಳ ಒಂದು ಸಾಲು ಸ್ಮೃತಿಯ 1000ನೆಯ ಬೈಟಿನಿಂದ ಆರಂಭವಾಗುತ್ತದೆಂದು ಭಾವಿಸಿ. ಒಂದೊಂದು ಸಂಖ್ಯೆಗೂ 8 ಬೈಟ್. ಹಾಗಾದರೆ ಇಪ್ಪತ್ತೈದನೆಯ ಸಂಖ್ಯೆ ಎಲ್ಲಿದೆ? ಅದರ ಹಿಂದೆ 24 ಸಂಖ್ಯೆಗಳಿವೆ. 24ನ್ನು 8ರಿಂದ ಗುಣಿಸಿ 1000 ಕೂಡಿದರೆ 1192. ಹುಡುಕುವ ಮಾತೇ ಇಲ್ಲ. ಇಡೀ ಸಾಲಿಗೆ 5 ಕೂಡು ಎಂದರೆ ಯಂತ್ರ ಮುಂದಿನದು ಸಂಖ್ಯೆಯೋ ಅಕ್ಷರವೋ ಎಂದು ಪ್ರತಿಸಲ ವಿಚಾರಿಸುವ ಅಗತ್ಯವೂ ಇಲ್ಲ. ಅರೇ ಎಂಬ ಈ ಏರ್ಪಾಡಿನ ಬಲವೆಲ್ಲ ಅದರ ಏಕರೂಪದಲ್ಲಿದೆ.

1979ರಲ್ಲಿ ಮೋಲರ್ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ ಪಾಠ ಹೇಳಲು ಹೋದಾಗ ಇದನ್ನು ತರಗತಿಯಲ್ಲಿ ಬಳಸಿದರು. ಗಣಿತದ ವಿದ್ಯಾರ್ಥಿಗಳು ಅಷ್ಟಾಗಿ ಮೆಚ್ಚಲಿಲ್ಲ, ಎಂಜಿನಿಯರಿಂಗಿನವರು ಮುಗಿಬಿದ್ದರು. ಆ ಮೂಲಕ ಸುದ್ದಿ ತಿಳಿದ ಜ್ಯಾಕ್ ಲಿಟಲ್, ಸ್ಟೀವ್ ಬ್ಯಾಂಗರ್ಟ್ ಅವರೊಡಗೂಡಿ ಇದನ್ನು ಸಿ ಭಾಷೆಯಲ್ಲಿ ಹೊಸದಾಗಿ ಬರೆದರು. 1984ರಲ್ಲಿ ಕಂಪನಿಯೂ ಹುಟ್ಟಿತು.

ಬಳಕೆದಾರರು ಹೆಚ್ಚಿದಂತೆ ತೊಡಕೂ ಕಾಣಿಸಿತು. ಅಕ್ಷರಗಳನ್ನೂ ಮಾತೃಕೆಯಲ್ಲೇ ತುಂಬಬೇಕು, ಎಲ್ಲ ಅಡ್ಡಸಾಲುಗಳೂ ಸಮಾನ ಉದ್ದ ಇರಬೇಕು. ಇಂಗ್ಲಿಷಿನಲ್ಲಿ ರವಿಗೆ ನಾಲ್ಕು ಅಕ್ಷರ, ವಿಶ್ವನಾಥನಿಗೆ ಹತ್ತು. ಆದ್ದರಿಂದ ರವಿಯ ಮುಂದೆ ಆರು ಖಾಲಿ ಜಾಗಗಳನ್ನು ತುಂಬಿ ಅವನನ್ನು ವಿಶ್ವನಾಥನಷ್ಟೇ ಉದ್ದ ಮಾಡಬೇಕಿತ್ತು! ರವಿಯ ಹೆಸರನ್ನೂ ಅಂಕಗಳನ್ನೂ ಒಂದೇ ಕಡೆ ಇಡುವುದಂತೂ ಇನ್ನೂ ತೊಡಕು.

1996ರ ಕೊನೆಯಲ್ಲಿ ಬಂದ ಐದನೆಯ ಆವೃತ್ತಿ ಇದಕ್ಕೆ ಪರಿಹಾರ ತಂದಿತು. ಅದೇ ಸೆಲ್ ಅರೇ, ಖಾನೆಗಳ ಸಾಲು. ಒಂದು ಖಾನೆಯಲ್ಲಿ ಹೆಸರು, ಪಕ್ಕದಲ್ಲಿ ಸಂಖ್ಯೆ, ಅದರಾಚೆ ದೊಡ್ಡದೊಂದು ಮಾತೃಕೆ. ಬೇಕಾದರೆ ಖಾನೆಯೊಳಗೆ ಮತ್ತೊಂದು ಖಾನೆಗಳ ಸಾಲು. ಗುಟ್ಟೇನೆಂದರೆ, ಸಾಲಿನಲ್ಲಿರುವುದು ವಸ್ತುವಲ್ಲ, ವಸ್ತು ಎಲ್ಲಿದೆಯೆಂಬ ವಿಳಾಸ. ವಿಳಾಸಗಳ ಅಳತೆ ಒಂದೇ ಆದ್ದರಿಂದ ಸಾಲಿನ ಶಿಸ್ತು ಕೆಡುವುದಿಲ್ಲ. ಆದರೆ ಒಳಗಿನ ವಸ್ತು ಯಾವ ಬಗೆಯದು, ಎಷ್ಟು ದೊಡ್ಡದು ಎಂಬ ಚೀಟಿ ಪ್ರತಿಯೊಂದಕ್ಕೂ ಬೇಕು. ಇಂದಿನ ಗಣಕಗಳಲ್ಲಿ ಈ ಚೀಟಿಗೇ ಸುಮಾರು 100 ಬೈಟ್ ತಗಲುತ್ತದೆ. ಸಾವಿರ ಸಂಖ್ಯೆಗಳು ಅರೇಯಲ್ಲಿ 8000 ಬೈಟ್. ಒಂದೊಂದನ್ನೂ ಒಂದೊಂದು ಖಾನೆಗೆ ಹಾಕಿದರೆ ಲಕ್ಷ ಬೈಟ್ ದಾಟುತ್ತದೆ. ಬರಿಯ ಸಂಖ್ಯೆಗಳನ್ನೂ ಖಾನೆಗಳಲ್ಲಿ ತುಂಬಿ, ಪ್ರೋಗ್ರಾಂ ನಿಧಾನವೆಂದು ಯಂತ್ರವನ್ನು ಶಪಿಸುವವರನ್ನು ನಾನು ಕಂಡಿದ್ದೇನೆ.

ಹೊಸಬರು ಎಡವುವುದು ಇನ್ನೊಂದು ಕಡೆ. ಎರಡನೆಯ ಖಾನೆಯನ್ನು ದುಂಡು ಆವರಣ ಹಾಕಿ ಕೇಳಿದರೆ ಖಾನೆಯೇ ಕೈಗೆ ಬರುತ್ತದೆ. ಪುಷ್ಪಾವರಣ ಹಾಕಿದರೆ ಒಳಗಿನ ವಸ್ತು. ಮೊದಲನೆಯದಕ್ಕೆ 5 ಕೂಡಲು ಹೋದರೆ ಮ್ಯಾಟ್ಲ್ಯಾಬ್ ತಪ್ಪೆಂದು ನಿಂತುಬಿಡುತ್ತದೆ. ಪೆಟ್ಟಿಗೆಗೆ ಐದನ್ನು ಕೂಡುವುದು ಹೇಗೆ ತಾನೇ ಸಾಧ್ಯ?

2013ರಲ್ಲಿ ಟೇಬಲ್ ಎಂಬ ನಡುದಾರಿಯೂ ಬಂತು. ಹೆಸರುಗಳದೊಂದು ಕಂಬಸಾಲು, ಅಂಕಗಳದೊಂದು. ಕಂಬಸಾಲಿನೊಳಗೆ ಎಲ್ಲವೂ ಒಂದೇ ಬಗೆ, ಪಕ್ಕದ ಕಂಬಸಾಲು ಬೇರೆ ಬಗೆಯದಾಗಬಹುದು. ನಿಮ್ಮ ಮೇಷ್ಟ್ರ ಅಂಕಪಟ್ಟಿ ಮೊದಲಿನಿಂದಲೂ ಇರುವುದು ಹೀಗೆಯೇ.